ಅಕ್ಕಿ ಬೇಯುವ ಮುಂಚೆ: ದೋಸ್ತನಿಗೆ ಖರೆ ಮಾತು ಹೇಳುವ ಬಗೆ

ನನ್ನ ದೋಸ್ತ ಒಬ್ಬ ಕಲಬುರಗಿಯಲ್ಲಿ ಖಾನಾವಳಿ ಹಾಕಿದ್ದ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಬೇಳೆ ಸಾರು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದನ್ನು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದ. ಸಾರು ತೆಳ್ಳಗಾದರೆ ಊರಿನ ಮಾನ ಹೋಗುತ್ತದೆ ಅಂತ ಅವನ ಹಟ. ಊಟಕ್ಕೆ 70 ರೂಪಾಯಿ. ರೊಟ್ಟಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು.

ನಾನು ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಒಂದು ಅಡತ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವವನು. ಅಂಕಿ ಕಂಡರೆ ಮನಸ್ಸು ಸುಮ್ಮನಿರುವುದಿಲ್ಲ. ಎರಡನೇ ವಾರವೇ ಊಟ ಮಾಡುತ್ತಾ ಒಳಗೊಳಗೇ ಕೂಡಿಸಿದೆ. ಬೇಳೆ, ಜೋಳ, ಎಣ್ಣೆ, ಗ್ಯಾಸು, ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳ ಪಗಾರ, ಬಾಡಿಗೆ. ಒಂದು ಊಟಕ್ಕೆ 78 ರೂಪಾಯಿ ಬೀಳುತ್ತಿತ್ತು. ದಿನಕ್ಕೆ 120 ಊಟ. ಅಂದರೆ ದಿನಕ್ಕೆ 960 ರೂಪಾಯಿ ಲುಕ್ಸಾನು. ಗಿರಾಕಿ ಹೆಚ್ಚಿದರೆ ಸರಿಹೋಗುತ್ತದೆ ಅಂತ ಅವನು ನಂಬಿದ್ದ. ಗಿರಾಕಿ ಹೆಚ್ಚಿದರೆ ಬಾಡಿಗೆ ಹಂಚಿಹೋಗುತ್ತದೆ ನಿಜ, ಬೇಳೆ ಹಂಚಿಹೋಗುವುದಿಲ್ಲ.

ನಾನು ಹೇಳಲಿಲ್ಲ. ಊಟ ಮಾಡಿ, ಕೈ ತೊಳೆದು, "ಭಾರಿ ಅದ ಸಾರು" ಅಂತ ಬೆನ್ನು ತಟ್ಟಿ ಬರುತ್ತಿದ್ದೆ. ಎಂಟು ತಿಂಗಳಿಗೆ ಬಾಗಿಲು ಹಾಕಿದ. ಹತ್ತಿರ ಹತ್ತಿರ ಎರಡು ಲಕ್ಷ ಹೋಗಿತ್ತು. ಪಾತ್ರೆ ಮಾರಿದ ದಿನ ಇಬ್ಬರೂ ಖಾಲಿ ಅಂಗಡಿಯಲ್ಲಿ ಕೂತಿದ್ದೆವು.

"ನಿನಗ ಮೊದಲೇ ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ನಿನಗ ಬ್ಯಾಸರ ಆಗ್ತದಂತ."

"ಈಗ ಆಗಿಲ್ಲೇನು?"

ಆ ಕೊನೆಯ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರ ಇಲ್ಲ.

ಹಾಗಂತ ಎಲ್ಲವನ್ನೂ ಎಲ್ಲರ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಿ ಅನ್ನುವವನಲ್ಲ ನಾನು. ಅದನ್ನೂ ಮಾಡಿ ನೋಡಿದ್ದೇನೆ. "ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಒಮ್ಮೆ ಹೀಗೆ ಹೇಳಿ ಒಬ್ಬ ಗೆಳೆಯನನ್ನು ಎರಡು ವರ್ಷ ಕಳೆದುಕೊಂಡಿದ್ದೆ. ಆ ಕಥೆ ಮುಂದೆ ಬರುತ್ತದೆ. ಹೇಳದೆ ಒಂದು ಪೆಟ್ಟು, ಹೇಳಿ ಒಂದು ಪೆಟ್ಟು. ಎರಡೂ ತಿಂದ ಮೇಲೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಿ ಬರುವುದಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು, 2022ರಲ್ಲಿ ಪ್ರಕಟವಾಯಿತು. ಸಮೀಕ್ಷೆ ಮಾಡುವವರು ತಮ್ಮ ಮುಖದ ಮೇಲೆ ಬೇಕಂತಲೇ ಚಾಕಲೇಟೋ ಲಿಪ್‌ಸ್ಟಿಕ್ಕೋ ಮೆತ್ತಿಕೊಂಡು ಜನರನ್ನು ಮಾತಾಡಿಸಿದರು. ಕಲೆಯನ್ನು ಗಮನಿಸಿದವರು 155 ಮಂದಿ. "ಮುಖ ಒರೆಸಿಕೊಳ್ಳಿ" ಅಂದವರು ನಾಲ್ಕೇ ನಾಲ್ಕು. ಒಂದು ಕಲೆಗೇ ಇಷ್ಟು ಸಂಕೋಚವಾದರೆ ಸಾಲ, ಕುಡಿತ, ಮಗನ ಓದು, ಗಂಡ ಹೆಂಡಿರ ಜಗಳದ ಮಾತು ಎಲ್ಲಿಂದ ಬಾಯಿಗೆ ಬರಬೇಕು?

ಮೊದಲ ಹೆಜ್ಜೆ: ಅಕ್ಕಿ ಬೆಂದಿದೆಯಾ ನೋಡಿ

ನಮ್ಮ ಕಡೆಯವರಿಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಹೊಸಬರಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿದ್ದವರು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ನೋಡಿದಳು. ನಮಗೆ ಬೇಕಾದ್ದಕ್ಕಿಂತ ಹೆಚ್ಚಿದೆ, ಹೋಗಿ ಅಲ್ಲೇ ಸುರಿದು ಬಾ ಅಂತ ಗಂಡನನ್ನು ವಾಪಸ್ ಕಳಿಸಿದಳು.

ಈ ಕಥೆಯನ್ನು ಎಲ್ಲರೂ ಆಸೆಯ ಬಗ್ಗೆ ಹೇಳುತ್ತಾರೆ. ನನಗೆ ಮಾತ್ರ ಅದರಲ್ಲಿ ಇನ್ನೊಂದು ಕಾಣುತ್ತದೆ. ಲಕ್ಕಮ್ಮ ಹೇಳಿದ್ದು ಅಕ್ಕಿ ಬೇಯುವ ಮುಂಚೆ. ವಾಪಸ್ ಸುರಿಯಲು ದಾರಿ ಇದ್ದಾಗ. ಉಂಡು ಕೈ ತೊಳೆದ ಮೇಲೆ ಅದೇ ಮಾತು ಹೇಳಿದ್ದರೆ ಅದು ಬರೀ ಚುಚ್ಚು ಮಾತಾಗುತ್ತಿತ್ತು.

ಹಾಗಾಗಿ ಬಾಯಿ ತೆರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ "ಇದು ಖರೆ ಹೌದಾ" ಅನ್ನುವುದಷ್ಟೇ ಅಲ್ಲ. ಕೇಳಿದ ಮೇಲೆ ಅವನು ಏನಾದರೂ ಮಾಡಲು ಸಾಧ್ಯವಾ?

ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ಜೂಜಿನ ಚಟ ಇದೆ ಅಂತ ಗೊತ್ತಿದ್ದರೆ ಹೇಳಲೇಬೇಕು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ "ನನಗೆ ಆಗಲೇ ಡೌಟಿತ್ತು" ಅಂದರೆ ಯಾರಿಗೆ ಏನು ಲಾಭ? ಪ್ಲಾಟಿನ ಕಾಗದ ಸರಿಯಿಲ್ಲ ಅನ್ನುವುದನ್ನು ಮುಂಗಡ ಕೊಡುವ ಮುಂಚೆ ಹೇಳಿ. ಮನೆ ಕಟ್ಟಿ ಮುಗಿದ ಮೇಲೆ ಬಾಗಿಲು ಯಾವ ದಿಕ್ಕಿಗಿದ್ದರೆ ನಿಮಗೇನು? ಗೃಹಪ್ರವೇಶಕ್ಕೆ ಬಂದು ಹೋಳಿಗೆ ತಿನ್ನುತ್ತಾ "ಅಡುಗೆ ಮನಿ ಸಣ್ಣದಾಯ್ತು" ಅನ್ನುವವರು ಪ್ರತಿ ಓಣಿಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರು ತಮ್ಮನ್ನು ನಿಷ್ಠುರವಾದಿ ಅಂದುಕೊಂಡಿರುತ್ತಾರೆ.

ಮಗುವಿನ ಬಣ್ಣ, ಹೆಂಡತಿಯ ಮೈಕಟ್ಟು, ತಲೆಗೂದಲು ಉದುರಿದ್ದು, ಇವೆಲ್ಲ ಬೆಂದ ಅಕ್ಕಿಯ ಲೆಕ್ಕಕ್ಕೆ. ಸುಮ್ಮನಿರಿ.

ಎರಡನೇದು: ಕಂಡದ್ದಾ, ಕೇಳಿದ್ದಾ?

ನಮ್ಮ ಓಣಿಯಲ್ಲಿ ಒಬ್ಬರು ಗೆಳೆಯನಿಗೆ ಫೋನ್ ಮಾಡಿ, "ನಿನ್ನ ಮಗ ಕಾಲೇಜಿಗಿ ಹೋಗವಲ್ಲ, ದಿನಾ ಅಪ್ಪನ ಕೆರಿ ದಂಡಿ ಮ್ಯಾಲ ಕುಂತಿರ್ತಾನ" ಅಂದರು. ಅಪ್ಪನ ಕೆರೆ ಅಂದರೆ ಕಲಬುರಗಿ ಊರೊಳಗಿನ ಕೆರೆ. ಅವರು ನೋಡಿರಲಿಲ್ಲ, ಇನ್ನೊಬ್ಬರು ಹೇಳಿದ್ದರು. ಹುಡುಗನಿಗೆ ಪರೀಕ್ಷೆಯ ರಜೆ ಇತ್ತು. ಮನೆಯಲ್ಲಿ ಸೆಕೆ, ಕರೆಂಟ್ ಇರುತ್ತಿರಲಿಲ್ಲ, ಕೆರೆ ದಂಡೆಯ ಗಾಳಿಗೆ ಕೂತು ಓದುತ್ತಿದ್ದ. ಅಪ್ಪ ವಿಚಾರಿಸದೆ ಕೈ ಎತ್ತಿದ. ಆಮೇಲೆ ಎಲ್ಲ ತಿಳಿಯಿತು. ಹುಡುಗ ಮಾತ್ರ ಅಪ್ಪನ ಜೊತೆ ಮೊದಲಿನಂತೆ ಮಾತಾಡಲಿಲ್ಲ.

ಕೇಳಿದ ಸುದ್ದಿಯನ್ನು ಹೇಳಲೇಬೇಕು ಅನಿಸಿದರೆ ಸುದ್ದಿ ಅಂತಲೇ ಹೇಳಿ: "ನಾ ನೋಡಿಲ್ಲ, ನನಗ ಒಬ್ಬರು ಹೇಳ್ಯಾರ, ನೀ ಒಂದ್ ಸಲ ನೋಡು." ಗಂಡ ಹೆಂಡಿರ ವಿಷಯದಲ್ಲಿ ಅಷ್ಟೂ ಬೇಡ. ಕಣ್ಣಾರೆ ಕಾಣದ ಹೊರತು ಬಾಯಿಗೆ ಬೀಗ.

ಮೂರನೇದು: ನಿಮ್ಮ ಹೊಟ್ಟೆಯೊಳಗೆ ಏನಿದೆ?

ಇದು ಚಿಕ್ಕ ಪರೀಕ್ಷೆ. ನೀವು ಹೇಳಿದ್ದನ್ನು ಅವನು ಕೇಳಿ, ತಿದ್ದಿಕೊಂಡು, ನಿಮಗಿಂತ ಚೆನ್ನಾಗಿ ಬದುಕಿದ ಅಂತ ಇಟ್ಟುಕೊಳ್ಳಿ. ಖುಷಿ ಆಗುತ್ತದಾ? ಸ್ವಲ್ಪ ಹೊಟ್ಟೆ ಉರಿಯುತ್ತದೆ ಅನಿಸಿದರೆ ಒಂದು ವಾರ ತಡೆಯಿರಿ. ಅವನ ಮೇಲೆ ಬೇರೆ ಯಾವುದಕ್ಕೋ ಸಿಟ್ಟಿದ್ದರೂ ಅಷ್ಟೇ. ಹಳೇ ಸಿಟ್ಟು ಉಪದೇಶದ ಅಂಗಿ ಹಾಕಿಕೊಂಡು ಬರುವುದು ಜಾಸ್ತಿ.

ನಿಮಗೂ ಅದರಲ್ಲಿ ಲಾಭ ನಷ್ಟ ಇದ್ದರೆ ಅದನ್ನೇ ಮೊದಲು ಹೇಳಿಬಿಡಿ. "ನಿನ್ನ ಕಡಿಂದ ನನಗ ಇಪ್ಪತ್ತು ಸಾವಿರ ಬರಬೇಕು, ಅದಕ್ಕೂ ಈ ಮಾತಿಗೂ ಸಂಬಂಧ ಇಲ್ಲ ಅನ್ನಲ್ಲ" ಅಂದರೆ ಎದುರಿನವನ ಅನುಮಾನ ಅರ್ಧ ಇಳಿಯುತ್ತದೆ.

ನಾಲ್ಕನೇದು: ಎಲ್ಲಿ, ಯಾವಾಗ

ಇಲ್ಲೇ ನಾನು ಎಡವಿದ್ದು.

ಆಳಂದ ಕಡೆ ಒಂದು ಮದುವೆ. ಮೇ ತಿಂಗಳು, ಪೆಂಡಾಲಿನ ಕೆಳಗೆ ಬೆಂಕಿ ಸೆಕೆ. ನನ್ನ ಇನ್ನೊಬ್ಬ ದೋಸ್ತ ಆಗ ಕುಡಿಯುವುದು ಹೆಚ್ಚಾಗಿತ್ತು. ಕುಡಿದೇ ಬೈಕ್ ಓಡಿಸುತ್ತಿದ್ದ. ಅವತ್ತೂ ಹಾಗೇ ಬಂದಿದ್ದ. ಪಂಕ್ತಿಯಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ. "ಹಿಂಗೇ ಕುಡ್ದು ಗಾಡಿ ಹೊಡಿ, ಒಂದಿನ ಹೆಂಡ್ತಿ ಮಕ್ಕಳನ್ನ ಬೀದಿಗಿ ಹಾಕ್ತಿ" ಅಂದೆ. ಖರೆ ಮಾತೇ. ಒಂದಕ್ಷರ ಸುಳ್ಳಿಲ್ಲ. ಆದರೆ ಎದುರಿನ ಸಾಲಿನಲ್ಲಿ ಅವನ ಬೀಗರು ಕೂತಿದ್ದರು. ಹೆಂಡತಿಯ ಅಣ್ಣ ಬಡಿಸುತ್ತಿದ್ದ. ಅವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ದೋಸ್ತ ಎಲೆ ಬಿಟ್ಟು ಎದ್ದು ಹೋದ. ಎರಡು ವರ್ಷ ನನ್ನ ಮುಖ ನೋಡಲಿಲ್ಲ. ಕುಡಿಯುವುದನ್ನೂ ಬಿಡಲಿಲ್ಲ. ಈಗ ಯೋಚಿಸಿದರೆ, ಅವನಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಅವನಿಗೆ ಕೇಳಿಸಿದ್ದು ಸೌಟು ನಿಂತ ಸದ್ದು.

ಆವತ್ತಿನಿಂದ ನಾನು ಇಟ್ಟುಕೊಂಡ ನಿಯಮ: ಮೂರನೆಯ ಕಿವಿ ಇರಬಾರದು. ಅವನ ಹೆಂಡತಿಯದಾದರೂ ಸರಿ, ನಿಮ್ಮ ಹೆಂಡತಿಯದಾದರೂ ಸರಿ. ಚಹಾ ಅಂಗಡಿ, ಗುಡಿ ಕಟ್ಟೆ, ಮದುವೆ ಮನೆ ಯಾವುದೂ ಬೇಡ. ಎದುರು ಬದುರು ಕೂರುವುದಕ್ಕಿಂತ ಪಕ್ಕ ಪಕ್ಕ ನಡೆಯುವುದು ವಾಸಿ. ಕಣ್ಣಿಗೆ ಕಣ್ಣು ಕೊಡುವ ಮುಜುಗರ ಇರುವುದಿಲ್ಲ, ಮಾತು ನಿಂತರೂ ಕಾಲು ನಡೆಯುತ್ತಿರುತ್ತದೆ. ನಮ್ಮೂರಿನಲ್ಲಿ ಬೇಸಿಗೆ ಮಧ್ಯಾಹ್ನ ತಲೆ ಕಾದಿರುತ್ತದೆ, ಯಾರಿಗೂ ತಾಳ್ಮೆ ಇರುವುದಿಲ್ಲ. ಸಂಜೆ ಆರರ ಮೇಲೆ ಕೆರೆ ದಂಡೆಗೋ, ಹಳ್ಳಿಯಾದರೆ ಹೊಲದ ಬದುವಿಗೋ ಕರೆದುಕೊಂಡು ಹೋಗಿ. ಹಸಿದಿದ್ದರೆ ಮೊದಲು ಒಂದು ಪ್ಲೇಟ್ ಸುಸಲಾ ಮಿರ್ಚಿ ತಿನ್ನಿಸಿ. ತಮಾಷೆಗೆ ಹೇಳುತ್ತಿಲ್ಲ. ಕುಡಿದಿದ್ದಾಗ ಮಾತ್ರ ಬೇಡವೇ ಬೇಡ. ಅವನು ಕುಡಿದಾಗಲೂ, ನೀವು ಕುಡಿದಾಗಲೂ.

ವಾಟ್ಸಾಪಿನಲ್ಲಿ ಬರೆಯಬೇಡಿ. ಬರೆದ ಮಾತಿಗೆ ದನಿ ಇರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅವನು ಹತ್ತು ಸಲ ಓದುತ್ತಾನೆ, ಹತ್ತನೇ ಸಲ ಅದು ಬೈಗುಳವಾಗಿರುತ್ತದೆ. ವಾಯ್ಸ್ ಮೆಸೇಜು ಇನ್ನೂ ಕೆಟ್ಟದ್ದು, ನಾಲ್ಕು ಜನಕ್ಕೆ ಫಾರ್ವರ್ಡ್ ಆಗುತ್ತದೆ.

ಐದನೇದು: ಮಾತು ಕಟ್ಟುವುದು

ಮೊದಲು ಅಪ್ಪಣೆ ಕೇಳಿ. "ಒಂದ್ ಮಾತ್ ಹೇಳ್ಲೇನು? ನಿನಗ ಸೇರಂಗಿಲ್ಲ." ಇಷ್ಟು ಕೇಳಿದರೆ ಅವನು ಎದೆ ಗಟ್ಟಿ ಮಾಡಿಕೊಳ್ಳುತ್ತಾನೆ. "ಇವತ್ತ ಬ್ಯಾಡೋ" ಅಂದರೆ ಬಿಟ್ಟುಬಿಡಿ, ಎರಡು ದಿನಕ್ಕೆ ಅವನೇ ಕೇಳುತ್ತಾನೆ. ಕೇಳದೆ ಇರಲು ಅವನಿಂದ ಆಗುವುದಿಲ್ಲ.

ಆಮೇಲೆ, ಅವನ ಗುಣದ ಬಗ್ಗೆ ಹೇಳಬೇಡಿ. ನಡೆದದ್ದನ್ನು ಹೇಳಿ. "ನೀ ಕುಡುಕ" ಅಂದರೆ ಜಗಳ. "ಈ ತಿಂಗಳ ಮೂರು ಸಲ ನೀ ಕುಡ್ದು ಗಾಡಿ ತಂದಿ, ನಾನೇ ನೋಡೀನಿ" ಅಂದರೆ ಅಲ್ಲಗಳೆಯಲು ಏನಿದೆ? ಉಪದೇಶದ ಬದಲು ಲೆಕ್ಕ ಕೊಡಿ. ಕುಡಿದು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇದನ್ನು ಹೇಳುವಾಗ ಕಾನೂನು ಬೈಯುತ್ತಿರುತ್ತದೆ, ನೀವಲ್ಲ. ಖಾನಾವಳಿ ದೋಸ್ತನಿಗೆ ನಾನು "ನಿನಗ ಧಂದೆ ತಿಳಿಯಂಗಿಲ್ಲ" ಅನ್ನಬೇಕಿರಲಿಲ್ಲ. ಒಂದು ಚೀಟಿಯಲ್ಲಿ 70, ಅದರ ಕೆಳಗೆ 78 ಬರೆದು ಮುಂದಿಟ್ಟಿದ್ದರೆ ಸಾಕಾಗುತ್ತಿತ್ತು. ಊಟಕ್ಕೆ 85 ಮಾಡಬಹುದಿತ್ತು, ಇಲ್ಲವೇ ರೊಟ್ಟಿ ಮೂರಕ್ಕೆ ನಿಲ್ಲಿಸಬಹುದಿತ್ತು. ನನಗೆ ಹೇಳುವ ಮಾತು ಕಷ್ಟ ಅನಿಸಿತ್ತು. ಮಾತೇ ಬೇಕಿರಲಿಲ್ಲ.

ಒಂದು ಸಲಕ್ಕೆ ಒಂದೇ ವಿಷಯ. "ಬಂದೆಯಲ್ಲ, ಎಲ್ಲ ಹೇಳಿಬಿಡ್ತೀನಿ" ಅಂತ ಹತ್ತು ವರ್ಷದ ವಹಿ ಬಿಚ್ಚಬೇಡಿ. "ಎಲ್ಲಾರೂ ಹಂಗೇ ಅಂತಾರ" ಅನ್ನುವುದೂ ಬೇಡ. ಆಗ ಅವನಿಗೆ ಮಾತು ಮರೆತುಹೋಗುತ್ತದೆ, ಯಾರ್‍ಯಾರು ಅಂದರು ಅನ್ನುವುದೇ ತಲೆ ತಿನ್ನುತ್ತದೆ.

ಕೆಲವು ಸಲ ಹೇಳುವುದಕ್ಕಿಂತ ಕೇಳುವುದು ಒಳ್ಳೆಯದು. ನನ್ನ ಪರಿಚಯದ ಹುಡುಗ ಒಬ್ಬ ಎಂಟು ವರ್ಷದಿಂದ ಕೆಎಎಸ್‌ಗೆ ಓದುತ್ತಿದ್ದಾನೆ. ವಯಸ್ಸು 34. ಯಾದಗಿರಿ ಕಡೆಯ ಹಳ್ಳಿ, ಇಲ್ಲಿ ರೂಮು ಮಾಡಿಕೊಂಡು ರೀಡಿಂಗ್ ರೂಮಿನಲ್ಲೇ ದಿನ ಕಳೆಯುತ್ತಾನೆ. ಊರಿಂದ ಅಪ್ಪ ದುಡ್ಡು ಕಳಿಸುತ್ತಾರೆ. ಈ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ 35, 2ಎಯಿಂದ 3ಬಿವರೆಗಿನ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40 ಅಂತ ವಯಸ್ಸಿನ ಮಿತಿ ಇಟ್ಟುಕೊಂಡು ಬಂದಿದ್ದಾರೆ. ಸರ್ಕಾರ ಆಗಾಗ ಒಂದು ಸಲದ ಸಡಿಲಿಕೆ ಕೊಡುತ್ತದೆ. ನನ್ನ ಪ್ರಕಾರ ಆ ಸಡಿಲಿಕೆಯೇ ಎಷ್ಟೋ ಹುಡುಗರನ್ನು ಹಿಡಿದು ಕೂರಿಸಿದೆ. ಯುಪಿಎಸ್‌ಸಿಯಲ್ಲಾದರೆ ಸಾಮಾನ್ಯ ವರ್ಗದವರಿಗೆ ಆರೇ ಸಲ, 32 ವರ್ಷ, ಮುಗೀತು. ಬಾಗಿಲು ತಾನಾಗಿ ಮುಚ್ಚುತ್ತದೆ. ಇಲ್ಲಿ ಬಾಗಿಲು ಅರ್ಧ ತೆರೆದೇ ಇರುತ್ತದೆ.

ಅವನಿಗೆ "ಬಿಟ್ಟುಬಿಡು" ಅನ್ನಲು ನಾನು ಯಾರು? ಹೀಗೆ ಕೇಳಿದೆ: "ತಮ್ಮಾ, ಈ ಸಲ ಆಗ್ಲಿಲ್ಲಂದ್ರ ಏನ್ ಮಾಡಬೇಕಂತ ಮಾಡಿ?"

"ಮತ್ತ ಓದೋದು ಕಾಕಾ."

"ಯಾವಾಗ ಸಾಕು ಅಂತಿ? ಒಂದ್ ವರ್ಷ ಹೇಳು. ನೀನೇ ಹೇಳು, ನಾ ಹೇಳಂಗಿಲ್ಲ."

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಒಂದು ವರ್ಷ ಹೇಳಿದ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವನದು. ಆದರೆ ಅಷ್ಟರೊಳಗೆ ಎಫ್‌ಡಿಎ, ಶಿಕ್ಷಕರ ನೇಮಕಾತಿ ಅರ್ಜಿಗಳನ್ನೂ ಹಾಕುತ್ತೇನೆ ಅಂತ ಅವನ ಬಾಯಿಂದಲೇ ಬಂತು. ನಾನು ಆ ಹೆಸರುಗಳನ್ನು ಎತ್ತಿರಲಿಲ್ಲ.

ಹಿರಿಯರಿಗೆ ಹೇಳುವಾಗ ಈ ಕೇಳುವ ದಾರಿಯೇ ದಾರಿ. ಕಾಕಾ, ಮಾಮಾ, ಅಣ್ಣ ಅಂತ ಕರೆಯುವವರಿಗೆ ನೇರವಾಗಿ "ನಿಮ್ಮದು ತಪ್ಪು" ಅಂದರೆ ಮಾತಿಗಿಂತ ಮೊದಲು ನಿಮ್ಮ ವಯಸ್ಸು ಅವರಿಗೆ ಕಾಣುತ್ತದೆ. "ಕಾಕಾ, ನನಗ ತಿಳಿವಲ್ದು, ನೀವೇ ಹೇಳ್ರಿ, ಇಷ್ಟು ಬಡ್ಡಿಗಿ ಸಾಲ ತಗೊಂಡ್ರ ಹೆಂಗ ತೀರ್ತದ?" ಅನ್ನಿ. ಬಡ್ಡಿ ಲೆಕ್ಕ ಅವರೇ ಬೆರಳು ಮಡಚಿ ಹಾಕಲಿ.

ಇನ್ನು ಕವನ ಬರೆದು ತೋರಿಸುವವರು, ಹಾಡು ಹಾಡಿ "ಹೆಂಗಾತು?" ಅನ್ನುವವರು ಇರುತ್ತಾರೆ. ಅವರನ್ನು ಮೊದಲೇ ಕೇಳಿಬಿಡಿ: "ತಿದ್ದಬೇಕೋ, ಬರೇ ಕೇಳಬೇಕೋ?" ನೂರಕ್ಕೆ ತೊಂಬತ್ತು ಮಂದಿಗೆ ಎರಡನೆಯದೇ ಬೇಕಿರುತ್ತದೆ. ಕೊಡಿ, ನಿಮ್ಮ ಗಂಟೇನು ಹೋಗುತ್ತದೆ?

ಕಾಯದೆ ಹೇಳಬೇಕಾದ ಮಾತು

ಜಾಗ, ಹೊತ್ತು ಅಂತ ಇಷ್ಟೆಲ್ಲ ಹೇಳಿದ ಮೇಲೆ, ಅದ್ಯಾವುದನ್ನೂ ನೋಡದೆ ಹೇಳಬೇಕಾದ ಕೆಲವು ಇವೆ.

ಬಾಯಿ ಅದರಲ್ಲಿ ಮೊದಲನೆಯದು. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ಬಂದ್ ಆಗಿದೆ ಅನ್ನುವುದು ಕಾಗದದ ಮಾತು. ಒಂದು ಚೀಟಿ ಅಡಿಕೆ, ಒಂದು ಚೀಟಿ ತಂಬಾಕು ಬೇರೆ ಬೇರೆ ಕೊಂಡು ಅಂಗೈಯಲ್ಲೇ ಕಲಸುವವರು ನಮ್ಮ ಸುತ್ತ ಎಷ್ಟು ಮಂದಿ ಇಲ್ಲ? ದೋಸ್ತನ ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಅಥವಾ ಮಿರ್ಚಿ ಕಚ್ಚುವಷ್ಟೂ ಬಾಯಿ ತೆರೆಯಲು ಆಗದಿದ್ದರೆ ಅವತ್ತೇ ಹೇಳಿ. ಕ್ಯಾನ್ಸರ್ ಅಂತ ನೀವು ಹೆಸರಿಡಬೇಡಿ, ಅದು ಡಾಕ್ಟರ ಕೆಲಸ. "ನಾಳಿ ಹತ್ತಕ್ಕ ಹಲ್ಲಿನ ಡಾಕ್ಟರ್ ಕಡಿ ಹೋಗೋಣ, ನಾ ಬರ್ತೀನಿ" ಅನ್ನಿ. ಮುಂದೆ ಬೇಕಾದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ತನಕ ಓಡಬೇಕಿಲ್ಲ. ತಂಬಾಕು ಬಿಡಲು 1800-11-2356ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಎರಡನೆಯದು ಮೋಸ. ನನ್ನ ಹೆಂಡತಿಯ ಭಿಶಿ (ಚೀಟಿ ಹಣದ) ಗುಂಪಿನ ಗೆಳತಿಯೊಬ್ಬರು ಫೋನಿನಲ್ಲಿ ಬಂದ ಯಾವುದೋ ಸ್ಕೀಮಿಗೆ ದುಡ್ಡು ಹಾಕಿದ್ದರು. ವಾರಕ್ಕೆ ದುಪ್ಪಟ್ಟಂತೆ. ಭಿಶಿ ದಿನ ಖುಷಿಯಿಂದ ಹೇಳಿಕೊಂಡರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಹೆಂಡತಿ ಅವರನ್ನು ಅಡುಗೆ ಮನೆಗೆ ಕರೆದುಕೊಂಡು ಹೋಗಿ, "ಅಕ್ಕಾ, ಇದು ಮೋಸ. ಈಗಲೇ 1930ಕ್ಕ ಫೋನ್ ಹಚ್ಚೋಣ" ಅಂದಳು. ಸೈಬರ್ ವಂಚನೆಯ ಆ ಸಹಾಯವಾಣಿಗೆ ಎಷ್ಟು ಬೇಗ ಹೇಳಿದರೆ ದುಡ್ಡನ್ನು ನಡುದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಆ ಅಕ್ಕ ಮುಖ ಗಂಟಿಕ್ಕಿಕೊಂಡೇ ಫೋನ್ ಮಾಡಿದರು.

ಜಾಮೀನಿನ ಮಾತು

ಇದನ್ನು ಬೇರೆಯಾಗಿ ಬರೆಯಲೇಬೇಕು. ಇಲ್ಲಿ ಖರೆ ಹೇಳಬೇಕಾದ್ದು ಅವನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ದೋಸ್ತ ಸಾಲಕ್ಕೆ ಜಾಮೀನು ಸಹಿ ಕೇಳುತ್ತಾನೆ. "ಸುಮ್ನೆ ಒಂದು ಸಹಿ" ಅನ್ನುತ್ತಾನೆ. 1872ರ ಕಾಂಟ್ರಾಕ್ಟ್ ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲ ತೆಗೆದವನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ, ಬೇರೆ ಕರಾರು ಇಲ್ಲದಿದ್ದರೆ. ಬ್ಯಾಂಕಿನವರು ಮೊದಲು ಅವನ ಮನೆಗೇ ಹೋಗಬೇಕು ಅಂತೇನಿಲ್ಲ, ನೇರ ನಿಮ್ಮ ಬಾಗಿಲಿಗೂ ಬರಬಹುದು.

ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಹೇಳಿ. ಆಧಾರ್ ಕಾರ್ಡ್ ಕಳೆದಿದೆ, ಹೆಂಡತಿ ಒಪ್ಪುವುದಿಲ್ಲ, ಮುಂದಿನ ತಿಂಗಳು ನೋಡೋಣ ಅಂತ ಸುತ್ತಿಸಬೇಡಿ. ಸುತ್ತಿಸಿದರೆ ಅವನ ಕೆಲಸವೂ ಕೆಡುತ್ತದೆ, ದೋಸ್ತಿಯೂ ಕೆಡುತ್ತದೆ. "ಐದು ಸಾವಿರ ಬೇಕಂದ್ರ ಇವತ್ತ ಕೊಡ್ತೀನಿ, ವಾಪಸ್ ಬರದಿದ್ರೂ ನಡೀತದ. ಜಾಮೀನು ನನ್ನಿಂದ ಆಗಂಗಿಲ್ಲ." ಇಷ್ಟೇ. ಕೊಡುವ ಅಂಕಿ ನಿಮ್ಮ ಕೈಗೆ ತಕ್ಕಂತೆ ಇರಲಿ.

ಹೇಳಬಾರದ ಹೊತ್ತು

ಮಳೆ ಕೈಕೊಟ್ಟು, ತೊಗರಿಗೆ ನೆಟೆ ರೋಗ ಬಂದು, ಸಾಲ ಕುತ್ತಿಗೆಗೆ ಬಂದವನ ಮುಂದೆ "ನೀ ಅಷ್ಟು ಸಾಲ ಮಾಡಬಾರದಿತ್ತು" ಅನ್ನಬೇಡಿ. ಅದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮಾತಿನ ನಡುವೆ "ನಾ ಇದ್ದರೆಷ್ಟು ಹೋದರೆಷ್ಟು" ಅನ್ನುವ ಧಾಟಿ ಬಂದರೆ ಸುಮ್ನೆ ಅಂದದ್ದು ಅಂತ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವನನ್ನು ಒಬ್ಬನೇ ಬಿಡಬೇಡಿ, ಮನೆಯಲ್ಲಿ ಕೀಟನಾಶಕ ಇದ್ದರೆ ಬೇರೆ ಕಡೆ ಸಾಗಿಸಿ, ಟೆಲಿ ಮಾನಸ್ 14416ಕ್ಕೆ ಅವನ ಪಕ್ಕ ಕೂತೇ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಸಾಲದ ಲೆಕ್ಕ ಇನ್ನೊಂದು ದಿನ ಹಾಕಿದರಾಯಿತು.

ಹೇಳಿದ ಮೇಲೆ

ಹೇಳಿಯಾದ ಮೇಲೆ ಬಾಯಿ ಮುಚ್ಚಿ. ಇದು ಹೇಳುವುದಕ್ಕಿಂತ ಕಷ್ಟ. ಎದುರಿನವನು ಸುಮ್ಮನಾದರೆ ನಮಗೆ ಗಾಬರಿ. ಅದೇ ಮಾತನ್ನು ಇನ್ನೂ ಮೂರು ಥರ ಹೇಳುತ್ತೇವೆ, ಇಲ್ಲವೇ "ಹಂಗೇನಿಲ್ಲ ಬಿಡು, ನಾ ಸುಮ್ನೆ ಅಂದೆ" ಅಂತ ನುಂಗುತ್ತೇವೆ. ಎರಡೂ ಬೇಡ. ಅವನು ಬೈದರೆ ಬೈಯಲಿ. "ನಿಂದೇನು ಕಡಿಮಿ ಅದ?" ಅಂತ ನಿಮ್ಮ ಹುಳುಕು ಎತ್ತಿದರೆ, "ಹೌದು, ಅದೂ ಖರೆ" ಅನ್ನಿ. ಅದು ಬಹುತೇಕ ಖರೆಯೇ ಆಗಿರುತ್ತದೆ.

ನಂತರ ಕೈ ಹಚ್ಚಿ. ಡಾಕ್ಟರ ಬಳಿ ಹೋಗು ಅಂದವರು ಜೊತೆಗೆ ಹೋಗಬೇಕು. ಲೆಕ್ಕ ಸರಿಯಿಲ್ಲ ಅಂದವರು ಭಾನುವಾರ ಕೂತು ವಹಿ ನೋಡಿಕೊಡಬೇಕು. ಅಷ್ಟು ಬಿಡುವು ಕೊಡಲು ಆಗದಿದ್ದರೆ ಆ ಮಾತನ್ನು ಬಿಡುವು ಕೊಡಬಲ್ಲ ಇನ್ನೊಬ್ಬ ದೋಸ್ತನಿಗೆ ಬಿಡಿ.

ಅವನು ಕೇಳದೇ ಹೋದರೆ? ಇನ್ನೊಂದು ಸಲ ಹೇಳಿ. ಮೂರನೇ ಸಲ ಬೇಡ. ಕೊನೆಗೆ ನೀವು ಅಂದಂತೆಯೇ ಆದರೂ "ನಾ ಮೊದಲೇ ಹೇಳಿದ್ದೆ" ಅನ್ನುವ ಮಾತು ಮಾತ್ರ ಗಂಟಲಲ್ಲೇ ಇರಲಿ.

ಸಿಟ್ಟು ಮಾಡಿಕೊಂಡು ಹೋದವನನ್ನು ಮರಳಿ ಕರೆಯಲು ನಮ್ಮ ಕಡೆ ವರ್ಷಕ್ಕೊಂದು ದಿನ ಇಟ್ಟೇ ಇದ್ದಾರೆ. ದಸರೆ ಸಂಜೆ ಬನ್ನಿ ಎಲೆ ಹಿಡಿದು ಹೋದರೆ ಯಾರೂ ಬಾಗಿಲು ಹಾಕುವುದಿಲ್ಲ. ಮದುವೆ ಮನೆಯ ಆ ದೋಸ್ತನ ಮನೆಗೆ ಮೊದಲ ವರ್ಷ ನಾನು ಹೋಗಲಿಲ್ಲ. ನಾ ಹೇಳಿದ್ದು ಖರೆ, ನಾ ಯಾಕ ಹೋಗಲಿ ಅಂತ ಸೊಕ್ಕು. ಎರಡನೇ ವರ್ಷ ಹೋದೆ. ಅವನ ಹೆಂಡತಿ ಬಾಗಿಲು ತೆರೆದು, ಏನೂ ಅನ್ನದೆ ಒಳಗೆ ಕರೆದರು. ಅವನ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೋಣ" ಅಂದೆ. "ಹೇಳಿದ್ದು ಖರೆ, ಹೇಳಿದ ಜಾಗ ತಪ್ಪು" ಅಂತಲೂ ಅಂದೆ.

"ಖರೆ ಅಂತ ನನಗೂ ಗೊತ್ತಿತ್ತಲೇ" ಅಂದ. "ಅದಕ್ಕೇ ಸಿಟ್ಟು ಬಂದಿತ್ತು."

ಕುಡಿತ ಪೂರ್ತಿ ಬಿಟ್ಟಿದ್ದಾನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕುಡಿದ ದಿನ ಗಾಡಿ ಮುಟ್ಟುವುದಿಲ್ಲ. ನನಗೆ ಫೋನ್ ಮಾಡುತ್ತಾನೆ, ನಾನು ಹೋಗಿ ಕರೆತರುತ್ತೇನೆ. ನನ್ನ ಪೆಟ್ರೋಲು.

ನಿಮ್ಮ ಸರದಿ ಬಂದಾಗ

ಹೇಳುವವನಿಗೆ ಇಷ್ಟೆಲ್ಲ ನಿಯಮ. ಕೇಳುವವನಿಗೆ ಒಂದೇ: ಅವತ್ತು ಉತ್ತರ ಕೊಡಬೇಡಿ. "ಹ್ಞೂಂ, ನೋಡ್ತೀನಿ" ಅಂದು ಮನೆಗೆ ಬನ್ನಿ. ಸಿಟ್ಟು ಇಳಿಯಲು ಎರಡು ರಾತ್ರಿ ಬೇಕು.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಖಾನಾವಳಿ ದೋಸ್ತ ಈಗ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಹೋದ ತಿಂಗಳು ಮಿಲ್ಲಿನ ಲೆಕ್ಕ ತಾಳೆ ಹಾಕಲು ನಮ್ಮ ಅಂಗಡಿಗೆ ಬಂದಿದ್ದ. ನನ್ನ ವಹಿ ತಿರುವಿ ಹಾಕಿ, ಹುಡುಗರು ಹೊರಗೆ ಹೋಗುವ ತನಕ ಕಾದು, ಮೆಲ್ಲಗೆ ಹೇಳಿದ: "ಒಂದ್ ಮಾತ್ ಹೇಳ್ಲೇನು? ನೀ 3 ಬರ್ದದ್ದು 8 ಅಂತ ಓದ್ಲತಿ. ಮೂರು ಕಡಿ ನೋಡ್ದೆ. ನಿನ್ನ ಕಣ್ಣು ಮೊದಲಿನಂಗ ಇಲ್ಲ."

ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವನಿಗೆ ಖಾನಾವಳಿ ಮುಳುಗಿಸಿದವನು ಹೇಳುವ ಮಾತಾ ಇದು? ಎರಡು ದಿನ ಅವನ ಫೋನ್ ಎತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವನೇ ಬೈಕ್ ತಂದು ಮನೆ ಮುಂದೆ ನಿಂತ. "ನಡಿ, ಕಣ್ಣಿನ ಡಾಕ್ಟರ್ ಕಡಿ ಚೀಟಿ ಹಚ್ಚೀನಿ" ಅಂದ. ಈ ಲೇಖನವನ್ನು ಚಾಳೀಸು ಹಾಕಿಕೊಂಡೇ ಬರೆಯುತ್ತಿದ್ದೇನೆ.